ಅಕ್ಕನಾಗಮ್ಮ ಆಳು ಕರೆಯಲು ಹೋದದ್ದು

ಆದವಾನಿ ತಾಲೂಕು ಆಂಧ್ರಕ್ಕೆ ಸೇರಿದ ಮರುವರ್ಷ. ಸಂಕ್ರಾಂತಿ ಮುಗಿದು ಎರೆಹೊಲಗಳಲ್ಲಿ ಹತ್ತಿ ಒಡೆಯತೊಡಗಿತ್ತು. ಆದವಾನಿಯಲ್ಲಿ ಹತ್ತಿಯಿಂದ ಬೀಜ ಬೇರ್ಪಡಿಸುವ ಒಂದು ಜಿನ್ನಿನಲ್ಲಿ ಹೆಣ್ಣಾಳುಗಳ ಮೇಸ್ತ್ರಿಯಾಗಿದ್ದ ಅಕ್ಕನಾಗಮ್ಮ ಪ್ರತಿವರ್ಷದಂತೆ ಆಸ್ಪರಿ ಕಡೆಯ ಹಳ್ಳಿಗಳಿಗೆ ಹೊರಟಳು. ಬೇಸಿಗೆಯವರೆಗೆ ಯಂತ್ರಗಳಿಗೆ ಹತ್ತಿ ಉಣಿಸಲು ನಲವತ್ತು ಹೆಂಗಸರು ಬೇಕು. ಅವರನ್ನು ಹುಡುಕಿ, ಒಪ್ಪಿಸಿ, ಕರೆತರುವುದು ಅವಳ ಕೆಲಸ.

ಹನ್ನೊಂದು ವರ್ಷದಿಂದ ಅವಳು ಹೆಸರು, ವಯಸ್ಸು ಕೇಳಿ ಯಾರನ್ನೂ ಆರಿಸಿದವಳಲ್ಲ. ಬಾವಿಯ ಹತ್ತಿರವೋ ಕಣದಲ್ಲೋ ಸುಮ್ಮನೆ ಕೂತು ನೋಡುವಳು. ಹಗ್ಗ ಎಳೆಯುವಾಗ ಯಾರ ಮೈಯಲ್ಲಿ ಅವಸರವಿಲ್ಲ, ಮಾತಾಡುತ್ತಲೂ ಯಾರ ಕೈ ನಿಲ್ಲುವುದಿಲ್ಲ ಎಂದು ನೋಡುತ್ತ ನೋಡುತ್ತ ಅವಳಿಗೆ ಜೊಂಪು ಹತ್ತಿದಂತಾಗುತ್ತಿತ್ತು. ಆ ಹೆಂಗಸರು ಆಗಲೇ ಜಿನ್ನಿನ ಮುಂದೆ ಸಾಲಾಗಿ ನಿಂತಿರುವಂತೆ, ಅವರ ರೆಪ್ಪೆಗಳ ಮೇಲೆ ಅರಳೆಯ ನವಿರು ಕೂತಿರುವಂತೆ ಕಾಣುತ್ತಿತ್ತು. ಹಾಗೆ ಕಂಡವರನ್ನೇ ಕರೆಯುವಳು. ಅವಳ ಆಯ್ಕೆ ತಪ್ಪಿದ್ದು ಕಡಿಮೆ.

ಈ ಸಲ ಹೊರಡುವಾಗ ಮ್ಯಾನೇಜರು ಶ್ರೀರಾಮುಲು ಬಾಗಿಲವರೆಗೆ ಬಂದಿದ್ದ. "ಕಾಲುವಿ ಕೆಲಸಕ್ಕ ಜನ ಎಲ್ಲಾ ಹೋಗಾಕತ್ಯಾರ, ಅಕ್ಕನಾಗಮ್ಮಾ. ಅಲ್ಲಿ ಗಂಡ, ಹೆಂಡ್ತಿ, ಮಕ್ಕಳು ಎಲ್ಲಾರೂ ಒಂದೇ ಕಡೆ ಇರಬೌದಂತ. ನೀನು ಏನಾರ ಹೇಳು, ಮಂದಿ ಮಾತ್ರ ಬರಬೇಕು."

ಏನಾದರೂ ಹೇಳು. ಹೋದ ವರ್ಷವೂ ಅವನು ಹೇಳಿಕೊಟ್ಟಿದ್ದನ್ನೇ ಅವಳು ಹೇಳಿದ್ದಳು: ಕೂಸುಗಳಿಗೆ ಬೇರೆ ಕೋಣೆ ಇದೆ, ನೋಡಿಕೊಳ್ಳಲು ಆಳು ಇದೆ. ಅದನ್ನು ನಂಬಿ ಹುಸೇನಮ್ಮ ಎಂಬವಳು ಎಂಟು ತಿಂಗಳ ಹೆಣ್ಣುಮಗುವನ್ನು ಕಟ್ಟಿಕೊಂಡು ಬಂದಿದ್ದಳು. ಕೋಣೆ ಇರಲಿಲ್ಲ. ಮಗು ಅಂಗಳದಲ್ಲಿ, ಹತ್ತಿ ತುಂಬಿದ ಅಂಡಿಗೆ ಚೀಲಗಳ ನೆರಳಿನಲ್ಲಿ ಮಲಗಿ, ಧೂಳು ಕುಡಿದು ಕೆಮ್ಮತೊಡಗಿತು. ಒಂದು ಸಂಜೆ ಸಾಲಿನಲ್ಲಿ ಹುಸೇನಮ್ಮನ ಜಾಗ ಖಾಲಿಯಿತ್ತು. ಮಗುವನ್ನೆತ್ತಿಕೊಂಡು ಊರಿಗೆ ಹೋಗಿಬಿಟ್ಟಿದ್ದಳು. ಕೂಸು ಬದುಕಿತೋ ಇಲ್ಲವೋ ಎಂದು ಕೇಳುವ ಧೈರ್ಯ ಅಕ್ಕನಾಗಮ್ಮನಿಗೆ ಬಂದಿರಲಿಲ್ಲ.

ಹುಸೇನಮ್ಮನ ಊರಿಗೆ ಕಾಲಿಟ್ಟಾಗ ಎಳೆಬಿಸಿಲು. ಅರ್ಧ ಮನೆಗಳಿಗೆ ಬೀಗ. ಉಳಿದ ಏಳೆಂಟು ಹೆಂಗಸರು ಬೇವಿನ ಮರದ ಕೆಳಗೆ ಸೇರಿದರು. ಅವರ ನಡುವೆ ಹುಸೇನಮ್ಮ. ಅವಳ ಸೆರಗು ಹಿಡಿದು, ತಪ್ಪು ಹೆಜ್ಜೆ ಇಡುತ್ತ, ಒಂದು ಹುಡುಗಿ. ಅಕ್ಕನಾಗಮ್ಮ ಆ ಮಗುವನ್ನೇ ನೋಡಿದಳು. ಮರ, ಮಣ್ಣಿನ ಗೋಡೆ, ಹೆಂಗಸರ ಮುಖ ಎಲ್ಲ ದೂರ ಸರಿದು, ಆ ಪುಟ್ಟ ಕಾಲುಗಳಷ್ಟೇ ಬೆಳಕಿನಲ್ಲಿ ಉಳಿದಂತಾಯಿತು.

"ಈ ಸಲ ಏನಂತ ಹೇಳಾಕ ಬಂದೀಯಬೇ, ಅಕ್ಕ?" ಹುಸೇನಮ್ಮನ ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ಹೆಚ್ಚು ನೋಯಿಸಿತು.

ಸಿದ್ಧಮಾಡಿಕೊಂಡು ಬಂದ ಮಾತನ್ನು ಕೈಬಿಟ್ಟು, "ಕೋಣಿ ಇಲ್ಲವ್ವಾ," ಎಂದಳು ಅಕ್ಕನಾಗಮ್ಮ. "ಹ್ವಾದ ವರ್ಸನೂ ಇದ್ದಿಲ್ಲ. ಗೊತ್ತಿದ್ದೂ ನಾನು ಐತಿ ಅಂತ ಹೇಳಿದ್ದೆ. ದಿನಾ ನಿಂತೇ ಇರಬೇಕು. ಅರಳಿ ಮೂಗಿನಾಗ, ಬಾಯಾಗ ಹೊಕ್ಕೈತಿ. ಕಿವಿ ಗುಂಯ್ ಅಂತೈತಿ. ಇದು ಇದ್ದದ್ದು. ಬರೋರು ಬರ್ರಿ."

ಯಾರೂ ಬರಲಿಲ್ಲ. ಆದರೆ ಹುಸೇನಮ್ಮ ಒಳಗೆ ಹೋಗಿ ಮಜ್ಜಿಗೆ ತಂದುಕೊಟ್ಟಳು.

ಉಳಿದ ಹಳ್ಳಿಗಳಲ್ಲೂ ಇದನ್ನೇ ಹೇಳಿ, ಅಕ್ಕನಾಗಮ್ಮ ಬರಿಗೈಲಿ ವಾಪಸಾದಳು. "ಏಮಮ್ಮಾ, ಒಬ್ಬರೂ ಲೇದಾ, ಯಾರೂ ಬರಲಿಲ್ಲಾ?" ಎಂದ ಶ್ರೀರಾಮುಲು.

"ಕೋಣಿ ಮಾಡ್ರಿ ಸ್ವಾಮಿ. ಆಮ್ಯಾಲೆ ಕರೀತೀನಿ. ಇಲ್ಲದ್ದು ಐತಿ ಅಂತ ಇನ್ನ ನನ್ನ ಬಾಯಾಗ ಬರಂಗಿಲ್ಲ."

"ಹಂಗಾರ ಬ್ಯಾರೆ ಮೇಸ್ತ್ರಿ ಅದಾನ."

ಬೇರೆ ಮೇಸ್ತ್ರಿ ಕೊಟ್ರಬಸಪ್ಪ ಗೋನೆಗಂಡ್ಲದ ಕಡೆ ಹೋಗಿ ಆರು ಜನರನ್ನು ತಂದ. ನಾಲ್ಕನೇ ದಿನಕ್ಕೆ ಅವರಲ್ಲಿ ಇಬ್ಬರೇ ಉಳಿದರು. ಹತ್ತಿ ಗಾಡಿಗಳು ಮಾತ್ರ ಬರುತ್ತಲೇ ಇದ್ದವು. ಅಂಗಳ ತುಂಬಿ, ಗೋಡೆಯ ಎತ್ತರಕ್ಕೆ ಬಿಳಿ ಗುಡ್ಡಗಳೆದ್ದು, ಬೆಳಗಿನ ಮಂಜಿನಲ್ಲಿ ಊರೇ ಎಲ್ಲಿಗೋ ತೇಲಿಹೋಗುತ್ತಿದೆಯೇನೋ ಎನ್ನಿಸುತ್ತಿತ್ತು. ಯಂತ್ರಗಳು ನಿಂತಿದ್ದವು. ಅಷ್ಟು ಮೌನವನ್ನು ಶ್ರೀರಾಮುಲು ಸುಗ್ಗಿಯಲ್ಲಿ ಎಂದೂ ಕೇಳಿರಲಿಲ್ಲ. ಎಂಟನೆಯ ದಿನ ಅವನೇ ಅಕ್ಕನಾಗಮ್ಮನ ಮನೆಗೆ ಬಂದ. ಹೊಸಿಲ ಹೊರಗೇ ನಿಂತು, ಜಿನ್ನಿನಲ್ಲಿ ಹಳೇ ಚೀಲಗಳನ್ನು ತುಂಬಿಟ್ಟಿದ್ದ ದೊಡ್ಡ ಕೋಣೆಯ ಕೀಲಿಯನ್ನು ಅವಳ ಕೈಗೆ ಕೊಟ್ಟ.

ಮೂರು ದಿನ ಅವಳು ಚೀಲ ಹೊರಹಾಕಿ, ಸುಣ್ಣ ಬಳಿದು, ಜಂತಿಗೆ ಹಳೇ ಸೀರೆಗಳ ಜೋಲಿ ಕಟ್ಟಿದಳು. ಧೂಳು ಒಳಬರದಂತೆ ಅಂಗಳದ ಕಡೆಯ ಕಿಟಕಿಗೆ ಒದ್ದೆ ಗೋಣಿ ಇಳಿಬಿಟ್ಟಳು. ಆಮೇಲೆ ಹೋಗಿ ಹುಸೇನಮ್ಮನೊಬ್ಬಳನ್ನೇ ಕರೆತಂದಳು. "ದುಡಿಯಾಕ ಅಲ್ಲ, ನೋಡಾಕ ಬಾ. ನೋಡಿ ಮಂದಿಗೆ ನೀನೇ ಹೇಳು, ಇದ್ದದ್ದು ಇದ್ದಂಗ," ಎಂದಿದ್ದಳು.

ಹುಸೇನಮ್ಮ ಮಗಳನ್ನು ಜೋಲಿಯಲ್ಲಿ ಹಾಕಿ, ಕೆಳಗೆ ಕೂತಳು. ಬೆಳಗು ಕರಗಿ ಮಧ್ಯಾಹ್ನವಾಯಿತು. ಆಗಾಗ ಎದ್ದು ಕಿಟಕಿಯ ಅಂಚಿನಲ್ಲಿ ಬೆರಳಾಡಿಸಿ, ಬೆರಳನ್ನು ನೋಡಿಕೊಳ್ಳುವಳು. ಒಮ್ಮೆ ಗೋಣಿಗೆ ಇನ್ನಷ್ಟು ನೀರು ಚಿಮುಕಿಸಿದಳು. ಕೊನೆಗೆ ಬಾಗಿಲಿಗೆ ಬಂದು ಹೇಳಿದಳು:

"ನನಗ ಜಿನ್ನು ಬ್ಯಾಡಕ್ಕ. ಈ ಕೋಣಿ ಕೆಲಸ ಕೊಡಸ್ತೀಯೇನು? ಮಕ್ಕಳನ್ನ ನಾನು ನೋಡ್ಕಂತೀನಿ. ನಾನಿದ್ರ ನಮ್ಮೂರ, ಸುತ್ತಲ ಊರ ಹೆಣ್ಮಕ್ಕಳು ಬರತಾರ."

ಆರಿಸುವವಳು ತಾನೆಂದು ಇಷ್ಟು ವರ್ಷ ತಿಳಿದಿದ್ದ ಅಕ್ಕನಾಗಮ್ಮನಿಗೆ, ಈಗ ತನ್ನನ್ನೇ ಯಾರೋ ನೋಡಿ, ತೂಗಿ, ಒಪ್ಪಿಕೊಂಡಂತೆ ಅನ್ನಿಸಿತು. "ಕೊಡಸ್ತೀನವಾ," ಎಂದಳು. ಶ್ರೀರಾಮುಲು ಗೊಣಗಿದ, ಆದರೆ ಬೇಡವೆನ್ನಲಿಲ್ಲ.

ನಲವತ್ತು ಜನ ಬರಲಿಲ್ಲ. ಇಪ್ಪತ್ತಾರು ಬಂದರು, ಯುಗಾದಿ ಕಳೆದರೂ ಅವರಲ್ಲಿ ಒಬ್ಬರೂ ಬಿಟ್ಟುಹೋಗಲಿಲ್ಲ. ಎರಡು ಯಂತ್ರಗಳು ಆ ವರ್ಷ ಓಡಲೇ ಇಲ್ಲ.

ಒಂದು ಮಧ್ಯಾಹ್ನ ಬುತ್ತಿಯ ಹೊತ್ತಿಗೆ ಅಕ್ಕನಾಗಮ್ಮ ಕೋಣೆಗೆ ಬಂದಳು. ಒಂಬತ್ತು ಜೋಲಿಗಳು ನಿಧಾನವಾಗಿ ತೂಗುತ್ತಿದ್ದವು. ನೀರು ಹೀರಿದ ಗೋಣಿಯಿಂದ ಮೊದಲ ಮಳೆಯಂಥ ವಾಸನೆ ಬರುತ್ತಿತ್ತು. ಒಂದು ಗಳಿಗೆ ಎಂದು ಗೋಡೆಗೆ ಒರಗಿದವಳಿಗೆ ಹಾಗೇ ನಿದ್ದೆ ಬಂತು. ಹುಸೇನಮ್ಮ ಅವಳನ್ನು ಎಬ್ಬಿಸಲಿಲ್ಲ. ಒಂದು ಸೀರೆ ಮಡಿಸಿ ಅವಳ ತಲೆಯ ಹಿಂದಿಟ್ಟು, ಬಾಗಿಲನ್ನು ಮುಂದೆ ಮಾಡಿದಳು.