ಇಸ್ತ್ರಿ ಬೇಡದ ಬಟ್ಟೆ

ಸುಟ್ಟ ವಾಸನೆ ಬಚ್ಚಲಿನ ತನಕ ಬಂದಾಗ ಮಗಳು ಮುಖಕ್ಕೆ ಸೋಪು ಹಚ್ಚಿಕೊಂಡಿದ್ದಳು. ಅರೆಬರೆ ತೊಳೆದುಕೊಂಡು ಹೊರಗೆ ಬಂದರೆ ಅಪ್ಪ ಇಸ್ತ್ರಿಪೆಟ್ಟಿಗೆಯನ್ನು ಎತ್ತಿ ಹಿಡಿದು ನಿಂತಿದ್ದ. ಮೇಜಿನ ಮೇಲೆ ಆಫೀಸಿನವರು ಕೊಟ್ಟ ಟೀ ಶರ್ಟು. ಅದರ ಎದೆಯ ಮೇಲಿದ್ದ ಕಂಪನಿಯ ಹೆಸರಿನಲ್ಲಿ ಅರ್ಧ ಕರಗಿ ಇಸ್ತ್ರಿಪೆಟ್ಟಿಗೆಯ ತಳಕ್ಕೆ ಅಂಟಿಕೊಂಡಿತ್ತು.

"ಕುರ್ಚಿ ಮೇಲೆ ಮುದುರಿ ಬಿದ್ದಿತ್ತು. ನೀರು ಚಿಮುಕಿಸಿ ಒಂದೇ ಸಲ ಒತ್ತಿದೆ ಅಷ್ಟೇ," ಎಂದ ಅಪ್ಪ.

ಆಸ್ಪತ್ರೆಯ ಲಾಂಡ್ರಿಯಲ್ಲಿ ಡಾಕ್ಟರುಗಳ ಬಿಳಿ ಕೋಟು ಒತ್ತುತ್ತಲೇ ತಲೆ ಹಣ್ಣಾದವನು ಅವನು. ದಪ್ಪ ಹತ್ತಿ ಬಟ್ಟೆ, ಕೆಂಡದಂಥ ಕಾವು, ಅದು ಬಿಟ್ಟರೆ ಅವನ ಕೈಗೆ ಬೇರೇನೂ ಗೊತ್ತಿಲ್ಲ. ನಿವೃತ್ತನಾಗಿ ಮಗಳ ಮನೆಗೆ ಬಂದಮೇಲೆ ದಿನಾ ಬೆಳಿಗ್ಗೆ ಅವಳ ಶರ್ಟಿಗೆ ಇಸ್ತ್ರಿ ಹಾಕುವುದೊಂದನ್ನು ಹಟ ಹಿಡಿದು ವಹಿಸಿಕೊಂಡಿದ್ದ. ದಂಡಪಿಂಡದಂತೆ ಕೂತು ಉಂಡರೆ ತುತ್ತು ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ಆಫೀಸಿನಲ್ಲಿ ಇಸ್ತ್ರಿ ಶರ್ಟೇ ತೊಡಬೇಕೆಂಬ ಕಟ್ಟಳೆ ತೆಗೆದುಹಾಕಿ ತಿಂಗಳುಗಳೇ ಆಗಿದ್ದವು. ಮ್ಯಾನೇಜರೇ ಚಪ್ಪಲಿ ಎಳೆದುಕೊಂಡು ಬರುತ್ತಿದ್ದ. ಇವಳೊಬ್ಬಳು ಗರಿಗರಿ ಶರ್ಟು ತೊಟ್ಟು ಹೋಗುವಳು. "ಏನಮ್ಮಾ, ಇವತ್ತೂ ಇಂಟರ್‌ವ್ಯೂನಾ?" ಎಂದು ಪಕ್ಕದ ಸೀಟಿನವಳು ಕಾಲೆಳೆಯುವಳು. ನಕ್ಕು ನಕ್ಕು ಇವಳಿಗೆ ಸಾಕಾಗಿತ್ತು. ಆದರೂ ಅಪ್ಪನಿಗೆ ಬೇಡ ಅನ್ನಲು ಬಾಯಿ ಬಂದಿರಲಿಲ್ಲ. ಇವತ್ತು ಗ್ರೂಪ್ ಫೋಟೋ, ಎಲ್ಲರೂ ಈ ಟೀ ಶರ್ಟಿನಲ್ಲೇ ಬರಬೇಕಿತ್ತು.

"ಇದಕ್ಕೆ ಇಸ್ತ್ರಿ ಬೇಡಪ್ಪ," ಎಂದಳು.

"ಒಗೆದು ಹಾಗೇ ಹಾಕ್ಕೊಳ್ಳೋದಾ?"

"ಹೂಂ. ಈಗ ಎಲ್ರೂ ಹಾಗೇ."

"ನೀನೂನಾ?"

ಸುಳ್ಳು ಹೇಳುವಷ್ಟೂ ತ್ರಾಣ ಅವಳಲ್ಲಿರಲಿಲ್ಲ. "ನಾನೂ ಹಾಗೇ ಹೋಗ್ಬಹುದಿತ್ತು. ನಿಂಗೆ ಬೇಜಾರಾಗುತ್ತೆ ಅಂತ ಹೇಳ್ಲಿಲ್ಲ."

ಅಪ್ಪ ಇಸ್ತ್ರಿಪೆಟ್ಟಿಗೆಯನ್ನು ಮೇಜಿನ ಮೇಲೆ ನೆಟ್ಟಗೆ ನಿಲ್ಲಿಸಿದ. "ನಂಗೂ ನಿಂತು ನಿಂತು ಮಂಡಿ ಹಿಡ್ಕೊಂಡುಬಿಡ್ತಿತ್ತು ಕಣೆ," ಎಂದ. ಆಮೇಲೆ ತನ್ನನ್ನು ತಾನೇ ಕೇಳಿಕೊಳ್ಳುವವನ ಹಾಗೆ, "ಹಂಗಾದ್ರೆ ಬೆಳಿಗ್ಗೆ ಎದ್ದು ಏನ್ಮಾಡೋದು?" ಎಂದ.

ಅವಳಿಗೆ ಅಳು ಬಂತು.

ಅಪ್ಪ ಪ್ಲಗ್ಗು ಕಿತ್ತು, ತಳಕ್ಕೆ ಅಂಟಿದ ಅಕ್ಷರಗಳನ್ನು ಉಗುರಿನಿಂದ ಕೆರೆಯಲು ಹೊರಟ. ಅವಳು ಅವನ ಮಣಿಕಟ್ಟು ಹಿಡಿದುಕೊಂಡಳು.

"ಸುಡುತ್ತೆ. ಆರ್ಲಿ ಬಿಡು."

ಕೆಳಗೆ ಆಫೀಸಿನ ಬಸ್ಸು ಹಾರನ್ ಹೊಡೆಯಿತು, ಇನ್ನೊಮ್ಮೆ ಹೊಡೆಯಿತು, ಹೊರಟುಹೋಯಿತು. ಇಬ್ಬರೂ ಮೇಜಿನೆದುರು ಕೂತು ಇಸ್ತ್ರಿಪೆಟ್ಟಿಗೆ ಆರುವುದನ್ನು ಕಾಯುತ್ತಿದ್ದರು. ಅವಳು ಮಣಿಕಟ್ಟು ಬಿಟ್ಟಿರಲಿಲ್ಲ.