ಸರಾಸರಿ ಪಾದ

ಇವತ್ತು ಸಂಜೆ ಆರರೊಳಗೆ ತೀರ್ಮಾನಕ್ಕೆ ಬರಲೇಬೇಕಾಗಿತ್ತು. ಆರು ದಾಟಿದರೆ ಜೀವಮಾನದಲ್ಲಿ ಮತ್ತೆ ತಿದ್ದಲಾಗದು. ಶೂ ಇಟ್ಟುಕೊಳ್ಳುವುದೋ, ವಾಪಸು ಕಳಿಸುವುದೋ.

ಹಜಾರದಲ್ಲಿ ಹಾಸಿದ್ದ ಎರಡು ದುಪ್ಪಟಿಗಳ ಮೇಲೆ ಅವನು ಆ ತುದಿಯಿಂದ ಈ ತುದಿಗೆ ನಡೆದ. ಆರು ಹೆಜ್ಜೆ. ತಿರುಗಿದ. ಮತ್ತೆ ಆರು. ಬಂದ ಹತ್ತು ದಿನಗಳಲ್ಲಿ ಆ ಶೂ ನೆಲ ಕಂಡಿರಲಿಲ್ಲ. ಶೂ ಅಡಿಭಾಗಕ್ಕೆ ಧೂಳು ತಾಗಿದ್ದರೆ ವಾಪಸು ತೆಗೆದುಕೊಳ್ಳುವುದಿಲ್ಲವೆಂದು ಕಂಪನಿ ದಪ್ಪ ಅಕ್ಷರದಲ್ಲಿ ಹೇಳಿತ್ತು.

ಹೆಂಡತಿ ಸೂಟ್‌ಕೇಸು ಎತ್ತಿಕೊಂಡು ದುಪ್ಪಟಿಯನ್ನು ಬಳಸಿ ಹೋದಳು. ನಾಲ್ಕು ಗಂಟೆಯ ಬಸ್ಸಿಗೆ ಅವಳು ಹೊರಟಿದ್ದಳು. ಒಂದು ರಾತ್ರಿಯ ಪ್ರಯಾಣದಷ್ಟು ದೂರದ ಊರಿನ ಹೈಸ್ಕೂಲಿಗೆ ಅವಳಿಗೆ ವರ್ಗವಾಗಿತ್ತು. ಆದೇಶವನ್ನು ಅವನೂ ಓದಿದ್ದ. ‘ಸ್ವಂತ ಕೋರಿಕೆಯ ಮೇರೆಗೆ’ ಎಂಬ ಮೂರು ಪದಗಳನ್ನು ಎರಡು ಸಲ ಓದಿ, ಮೊದಲಿದ್ದ ಮಡಿಕೆಯಲ್ಲೇ ಮಡಿಸಿ, ಅದೇ ಲಕೋಟೆಯಲ್ಲಿಟ್ಟಿದ್ದ. ಯಾಕೆ ಎಂದು ಕೇಳಬೇಕು ಅಂದುಕೊಂಡ ದಿನವೇ ಶೂ ಬಂತು.

ಶೂ ತರಿಸುವಂತಾದದ್ದೂ ಅವಳಿಂದಲೇ. ಏಳು ತಿಂಗಳ ಹಿಂದೆ ಒಂದು ಸಂಜೆ ಅವಳು, “ದಿನಾ ಒಟ್ಟಿಗೆ ಸ್ವಲ್ಪ ದೂರ ನಡೀಬಹುದಲ್ವಾ? ಮನೇಲಿ ಕೂತ್ರೆ ನಮಗೆ ಮಾತೇ ಹೊರಡಲ್ಲ,” ಅಂದಿದ್ದಳು.

“ನಡೆಯೋಣ,” ಅಂದಿದ್ದ. “ಒಳ್ಳೇ ಶೂ ಬೇಕಾಗುತ್ತೆ.”

ಅವನು ಸಂಖ್ಯಾಶಾಸ್ತ್ರದ ಉಪನ್ಯಾಸಕ, ಕಣ್ಣಂದಾಜನ್ನು ನಂಬುವವನಲ್ಲ. ಹಾಳೆಯ ಮೇಲೆ ನಿಂತು ಪೆನ್ಸಿಲಿನಿಂದ ಪಾದದ ಸುತ್ತ ಗೆರೆ ಎಳೆದ. ಬೆಳಗಿನ ಪಾದಕ್ಕೆ ಒಂದು ಅಳತೆ, ಸಂಜೆಯದಕ್ಕೆ ಇನ್ನೊಂದು. ಎಡದ್ದೇ ಬೇರೆ, ಬಲದ್ದೇ ಬೇರೆ. ಇದರಲ್ಲಿ ಯಾವುದು ನನ್ನ ಕಾಲು? ಒಂದು ತಿಂಗಳು ಬರೆದಿಟ್ಟು, ಎಲ್ಲವನ್ನೂ ಕೂಡಿಸಿ, ಭಾಗಿಸಿ, ಸರಾಸರಿ ತೆಗೆದ. ಆಮೇಲೆ ಆನ್‌ಲೈನಿನಲ್ಲಿ ಶೂ ಕೊಂಡವರು ಬರೆದ ನಾಲ್ಕು ಸಾವಿರ ವಿಮರ್ಶೆ ಓದಿದ. ಎಲ್ಲೋ ಇರುವ ಯಾರದೋ ಎಡ ಹೆಬ್ಬೆರಳಿನ ಆಣಿಯ ಪೂರ್ವೇತಿಹಾಸ ಅವನಿಗೆ ತಿಳಿದಿತ್ತು. ಹೆಂಡತಿ ವರ್ಗಕ್ಕೆ ಅರ್ಜಿ ಹಾಕಿದ್ದು ತಿಳಿದಿರಲಿಲ್ಲ.

ಬಂದ ಶೂನಲ್ಲಿ ಕೊರತೆಯೇನೂ ಸಿಗಲಿಲ್ಲ. ಹೊಲಿಗೆ ಎಣಿಸಿದ. ಹಿಮ್ಮಡಿ ಒತ್ತಿದ. ಮೂತಿ ಮಡಚಿ ಬಿಟ್ಟ, ಮರ್ಯಾದೆಯಿಂದ ಮೊದಲಿನಂತಾಯಿತು. ಒಳಗಿನ ಮೆತ್ತೆ ಎಳೆದು ತೆಗೆದು ಅದರ ಮೇಲೆ ನಿಂತು ನೋಡಿದ. ಅಂಟಿನ ಒಂದು ಕಲೆಯೂ ಇಲ್ಲ. ಆದರೆ ಬೆಳಗ್ಗೆ ಹಿಮ್ಮಡಿ ಜಾರುತ್ತಿತ್ತು, ಸಂಜೆ ಕಿರುಬೆರಳು ಗೋಳಾಡುತ್ತಿತ್ತು. ಮಧ್ಯಾಹ್ನ ಎರಡೂವರೆಯಿಂದ ಮೂರೂಕಾಲರವರೆಗೆ ಮಾತ್ರ ಹೇಳಿ ಮಾಡಿಸಿದ ಹಾಗೆ ಕೂರುತ್ತಿತ್ತು. ಸರಾಸರಿ ಮನುಷ್ಯ ದಿನಕ್ಕೆ ಮುಕ್ಕಾಲು ಗಂಟೆ ಅವನ ಮನೆಗೆ ಬಂದು ಹೋಗುತ್ತಿದ್ದ.

“ಭಾವ, ಒಂದು ಕೇಳ್ಲಾ?” ಅಕ್ಕನಿಗೆ ಸಾಮಾನು ಕಟ್ಟಿಕೊಡಲು ಬಂದಿದ್ದ ನಾದಿನಿ ಹಗ್ಗ ಹಿಡಿದು ನಿಂತಿದ್ದಳು. “ಮದುವೆಗೆ ಮುಂಚೆ ಅಕ್ಕನ್ನ ಎಷ್ಟು ಸಲ ನೋಡಿದ್ರಿ?”

“ಒಂದ್ಸಲ.”

“ಎಷ್ಟು ಹೊತ್ತು?”

“ಹತ್ತು ನಿಮಿಷ. ಅದರಲ್ಲೂ ನಿಮ್ಮಪ್ಪನೇ ಮಾತಾಡ್ತಿದ್ರು.”

“ಅಕ್ಕಾ, ಕೇಳಿಸ್ಕೊಂಡ್ಯಾ? ನಿನಗೆ ಹತ್ತು ನಿಮಿಷ, ಇದಕ್ಕೆ ಏಳು ತಿಂಗಳು!”

“ಆಗ ವಾಪಸು ಕಳಿಸೋ ಸೌಕರ್ಯ ಇರ್ಲಿಲ್ಲ ಕಣೇ,” ಎಂದಿತು ಕೋಣೆಯಿಂದ ಹೆಂಡತಿಯ ದನಿ. ಅದರಲ್ಲಿ ನಗು ಇತ್ತೋ ಇಲ್ಲವೋ ಅವನಿಗೆ ಅಂದಾಜಾಗಲಿಲ್ಲ. ನಗುವುದು ಕ್ಷೇಮವೆಂದು ತೀರ್ಮಾನಿಸುವಷ್ಟರಲ್ಲಿ ಹೊತ್ತು ಮೀರಿತ್ತು.

ಎರಡೂವರೆಗೆ ಶೂ ಕೂತಿತು. ಎಲ್ಲೂ ಹಿಡಿಯದು, ಎಲ್ಲೂ ಜಾರದು. ಕಾಲೇ ಇಲ್ಲವೇನೋ ಅನ್ನುವಷ್ಟು ಸುಖ.

ಹೊರಗೆ ಆಟೋ ಬಂದು ನಿಂತಿತು. ನಾದಿನಿ ಗಂಟುಗಳನ್ನು ಸಾಗಿಸಿ ಬಾಗಿಲಿಗೆ ಬಂದು ನಿಂತಳು. ಹೆಂಡತಿ ಕೈಚೀಲ ಹೆಗಲಿಗೇರಿಸಿ, ದುಪ್ಪಟಿಯ ಅಂಚಿನಲ್ಲಿ, ನದಿಯ ಆಚೆ ದಡದಲ್ಲಿ ನಿಲ್ಲುವಂತೆ ನಿಂತಳು.

“ಬಸ್ ಸ್ಟ್ಯಾಂಡಿಗೆ ಬರ್ತೀರಾ?”

ಹೋದರೆ ಆಟೋದಲ್ಲಿ ಕೇಳಬೇಕಾಗುತ್ತದೆ, ಯಾಕೆ ಎಂದು. ಅವಳು ಹೇಳುತ್ತಾಳೆ. ಹೇಳಿದ ಮೇಲೆ, ಹೋಗಬೇಡ ಅನ್ನಬೇಕಾಗುತ್ತದೆ. ಅಂದರೆ ಅವಳು ಉಳಿದರೂ ಉಳಿಯಬಹುದು.

“ಶೂ ವಾಪಸು ತಗೊಂಡು ಹೋಗೋಕೆ ಪಿಕಪ್‌ನವನು ಎರಡರಿಂದ ಆರರೊಳಗೆ ಬರ್ತಾನೆ. ಯಾರಾದ್ರೂ ಮನೇಲಿರ್ಬೇಕು.”

“ಕಳಿಸ್ಬೇಡಿ, ಇಟ್ಕೊಂಡ್ಬಿಡಿ. ಅದನ್ನೇ ಹಾಕ್ಕೊಂಡು ಬನ್ನಿ.”

“ಈಗೇನೋ ಸರಿಯಾಗಿದೆ. ಆರು ಗಂಟೆಗೆ ನೋಯುತ್ತೆ.”

“ನೋಯ್ಲಿ. ಯಾರಿಗೆ ನೋಯಲ್ಲ? ನಡೀತಾ ನಡೀತಾ ಸಡಿಲ ಆಗುತ್ತೆ.”

“ನೂರಕ್ಕೆ ಹದಿನೇಳು ಜನಕ್ಕೆ ಸಡಿಲ ಆಗಿಲ್ಲ,” ಅಂದ.

ನಾದಿನಿ ಕಿಸಕ್ಕನೆ ನಕ್ಕಳು. ಅಕ್ಕನ ಮುಖ ನೋಡಿ ಅರ್ಧಕ್ಕೇ ನುಂಗಿಕೊಂಡಳು.

ಅವನು ದುಪ್ಪಟಿಯ ಅಂಚಿಗೆ ಬಂದ. ಬಲಗಾಲು ಎತ್ತಿದ. ಆಚೆಗೆ ಒಂದು ಗೇಣು ಜಾಗ, ಆಮೇಲೆ ಹೊಸ್ತಿಲು, ಆಮೇಲೆ ಬೀದಿ. ಎತ್ತಿದ ಕಾಲು ಗಾಳಿಯಲ್ಲೇ ಇತ್ತು. ಆಟೋ ಹಾರನ್ ಹಾಕಿತು. ಹೆಂಡತಿ ಅವನ ಮುಖ ನೋಡಲಿಲ್ಲ. ಕಾಲನ್ನೇ ನೋಡುತ್ತಿದ್ದಳು, ತರಗತಿಯ ದಡ್ಡ ಹುಡುಗಿ ಸರಿಯುತ್ತರದ ಹತ್ತಿರ ಬಂದಾಗ ಟೀಚರ್ ನೋಡುವ ಹಾಗೆ, ಉಸಿರು ಹಿಡಿದು.

ಗಡಿಯಾರದಲ್ಲಿ ಮೂರು ಹತ್ತು. ಇನ್ನೈದೇ ನಿಮಿಷ, ಆಮೇಲೆ ಬಿಗಿಯಲು ಶುರು.

ಕಾಲನ್ನು ಹಿಂದಕ್ಕೆ, ದುಪ್ಪಟಿಯ ಮೇಲೆ ಇಟ್ಟ.

“ಹೋಗ್ತೀನಿ,” ಅಂದಳು ಹೆಂಡತಿ.

“ಬರ್ತೀನಿ ಅನ್ನೇ!” ನಾದಿನಿ ಗದರಿದಳು.

ಹೆಂಡತಿ ತಿದ್ದಿಕೊಳ್ಳಲಿಲ್ಲ.

ಪಿಕಪ್‌ನವನು ಬಂದದ್ದು ಐದೂವರೆಗೆ. ನಡುವಯಸ್ಸಿನವನು, ತಲೆಯಿಂದ ಹೆಲ್ಮೆಟ್ಟೂ ತೆಗೆಯಲಿಲ್ಲ. ಶೂ ಮೂಸಿ ನೋಡಿದ, ಬಗ್ಗಿಸಿ ನೋಡಿದ, ಅಡಿಯ ಗೀರುಗಳಲ್ಲಿ ಉಗುರು ಆಡಿಸಿ ಉಗುರನ್ನು ನೋಡಿಕೊಂಡ.

“ಹತ್ತು ದಿನ ಇಟ್ಕೊಂಡು ಒಂದು ಹೆಜ್ಜೆನೂ ಇಟ್ಟಿಲ್ವಾ ಸಾರ್?”

“ಮನೆಯೊಳಗೆ ನಡೆದಿದೀನಿ.”

“ಮನೆಯೊಳಗೆ ನಡೆದ್ರೂ ಗೊತ್ತಾಗುತ್ತೆ ಸಾರ್. ಇದರಲ್ಲಿ ಯಾರೂ ನಡೆದಿಲ್ಲ.” ಮೆಚ್ಚುಗೆಯಿಂದಲೇ ಅಂದ. “ಫೋಟೋ ಬೇಕು. ಬಾಗಿಲಲ್ಲಿ ನಿಂತ್ಕೊಳ್ಳಿ. ಎರಡೂ ಎತ್ತಿ ಹಿಡೀರಿ, ಅಡಿ ನನ್ನ ಕಡೆಗೆ. ಮುಖದ ಪಕ್ಕಕ್ಕೆ ತನ್ನಿ. ಇನ್ನೂ ಹತ್ರ.”

ಅವನು ಬರಿಗಾಲಲ್ಲಿ ನಿಂತು ಎರಡು ಶೂಗಳನ್ನು ಎರಡು ಕೆನ್ನೆಗಳ ಪಕ್ಕ ಹಿಡಿದ. ತನ್ನನ್ನು ತಾನೇ ಹೊಡೆದುಕೊಳ್ಳಲು ಹೋಗಿ, ಯಾವ ಕೆನ್ನೆಗೆ ಮೊದಲು ಎಂದು ಯೋಚಿಸುತ್ತ ನಿಂತುಬಿಟ್ಟವನಂತೆ. ಬೀದಿಯಲ್ಲಿ ಯಾರೋ ಇಬ್ಬರು ಮಾತಾಡುತ್ತ ನಡೆದು ಹೋದರು.

“ನಗಬೇಕಾ?” ಕೇಳಿದ.

“ಬೇಡ ಸಾರ್.” ಮೊಬೈಲು ಕ್ಲಿಕ್ಕೆಂದಿತು. “ಮುಖ ಮಸುಕಾಗಿ ಬಂದಿದೆ.”

“ಇನ್ನೊಂದು ತೆಗೀರಿ.”

“ಪರವಾಗಿಲ್ಲ, ಮುಖ ಬೇಕಿಲ್ಲ. ಅಡಿ ಸ್ಪಷ್ಟ ಇದೆ.”

ಬಳಸಿಲ್ಲವೆಂದು ದೃಢಪಟ್ಟಿತು. ವಾಪಸು ಸ್ವೀಕೃತವಾಯಿತು.