ನಿಂಬೆಹಣ್ಣು ಇಟ್ಟ ಕಾರು

"ಅಕ್ಕಾ, ಬೆಲ್ಟ್ ಹಾಕ್ಕಳಿ, ಒಂದು ಫೋಟೋ ತೆಗೀತೇನೆ," ಎಂದ ಹಳೇ ಕಾರು ಮಾರುವ ಸುಭಾಷ, ಮೊಬೈಲು ಎತ್ತಿ ಹಿಡಿದು.

ಕಾರಿನ ಮುಂದಿನ ಸೀಟಿನಲ್ಲಿ ಕುಳಿತಿದ್ದ ಸಾವಿತ್ರವ್ವನಿಗೆ ಅಲ್ಲಿಂದ ಏಳುವ ಮನಸ್ಸಿರಲಿಲ್ಲ. ಬೆನ್ನಿನ ಆಪರೇಷನ್ ಆದ ಎಂಟು ತಿಂಗಳಲ್ಲಿ ನೋವು ಹೀಗೆ ತೆಪ್ಪಗೆ ಮಲಗಿದ್ದು ಇದೇ ಮೊದಲು. ಹದಿನೈದು ದಿನಕ್ಕೊಮ್ಮೆ ಹುಬ್ಬಳ್ಳಿಯ ಆಸ್ಪತ್ರೆಗೆ ಹೋಗಬೇಕು. ಬಸ್ಸು ಹತ್ತಿದರೆ ದಾರಿಯ ಪ್ರತಿ ಗುಂಡಿಯೂ ಬೆನ್ನೊಳಗೇ ಬಿದ್ದಂತಾಗುತ್ತಿತ್ತು. ಹೋದ ಸಲ ಮುಂಡಗೋಡಿನಲ್ಲಿ ಇಳಿದು, "ಇನ್ನ ನನ್ನ ಕರಕೊಂಡ ಹೋಗಬ್ಯಾಡ್ರಿ, ಆದದ್ದಾಗಲಿ" ಎಂದು ಸ್ಟ್ಯಾಂಡಿನ ಕಟ್ಟೆಯ ಮೇಲೆ ಕುಳಿತುಬಿಟ್ಟಿದ್ದಳು. ಅದಾದ ಮೇಲೆಯೇ ಗಂಡ ಶಿವಪುತ್ರಪ್ಪ ಶಿರಸಿಯಲ್ಲಿ ಹಳೇ ಕಾರು ಹುಡುಕತೊಡಗಿದ್ದು.

ಇಲ್ಲಿಗೆ ಬಂದ ಅರ್ಧ ಗಂಟೆಯಲ್ಲಿ ಸಹಿ, ದುಡ್ಡು ಬಿಟ್ಟು ಉಳಿದದ್ದೆಲ್ಲ ಮುಗಿದಿತ್ತು. "ಎಂತ ನೋಡ್ತೀರಿ ಮಾರಾಯ್ರೆ, ಡಾಕ್ಟ್ರ ಹೆಂಡ್ತಿ ಗಾಡಿ ಇದು, ದೇವಸ್ಥಾನ ಬಿಟ್ರೆ ಎಲ್ಲೂ ಓಡಿಲ್ಲ. ಸಿದ್ದಾಪುರದ ಪಾರ್ಟಿ ಇದನ್ನೇ ತಗೊಳ್ಳೋಕೆ ಊಟ ಮುಗಿಸಿ ಬರ್ತಾ ಇದ್ದಾರೆ. ಮತ್ತೆ ನಾಳೆ ಅಮಾಸೆ," ಎಂದು ಸುಭಾಷ ಅವಸರ ಮಾಡಿದ್ದ. ಒಂದು ಸುತ್ತು ಓಡಿಸಿ ನೋಡುತ್ತೇನೆಂದ ಶಿವಪುತ್ರಪ್ಪನಿಗೆ, "ಮೊದಲು ಪೂಜೆ ಆಗ್ಲಿ" ಎಂದು ತಾನೇ ಮಾಲೆ, ಕಾಯಿ ತಂದಿಟ್ಟಿದ್ದ. ಸಾವಿತ್ರವ್ವನೇ ಬಾನೆಟ್ಟಿಗೆ ಕುಂಕುಮ ಹಚ್ಚಿದ್ದಳು. ನಾಲ್ಕೂ ಗಾಲಿಯಡಿ ನಿಂಬೆಹಣ್ಣು ಕೂತಿದ್ದವು. ಪೂಜೆಯಾದ ಗಾಡಿಯನ್ನು ಬೇಡವೆಂದು ಬಿಟ್ಟುಬಂದವರನ್ನು ಅವಳು ತನ್ನೂರಲ್ಲಿ ಕಂಡಿರಲಿಲ್ಲ.

ಬೆಲ್ಟು ಅರ್ಧಕ್ಕೆ ಸಿಕ್ಕಿಕೊಂಡಿತು. ಜಗ್ಗಿದಳು. ಸರ್ರನೆ ತುದಿತನಕ ಬಂತು. ಮೇಲೆಲ್ಲ ಕರಿ, ಒಳಗೆ ಸುತ್ತಿಕೊಂಡಿದ್ದ ಕೊನೆಯ ಮೊಳ ಮಾತ್ರ ಕಂದು. ಕುಂಕುಮ ಹಚ್ಚಿದ್ದ ಬೆರಳಿನಿಂದಲೇ ಉಜ್ಜಿದಳು. ಹಿಟ್ಟಿನಂಥ ನುಣ್ಣನೆಯ ಮಣ್ಣು. ಊರ ಹೊಳೆ ವರದೆ ಉಕ್ಕಿ ಗದ್ದೆ ಮುಳುಗಿದ ವರ್ಷಗಳಲ್ಲಿ ದನದ ಹಗ್ಗದ ಹುರಿಯೊಳಗೆ ಕೂರುವಂಥದ್ದು. ಎಷ್ಟು ಒಗೆದರೂ ಬಿಡುವುದಿಲ್ಲ.

ಸುಭಾಷ ಬಾನೆಟ್ಟಿನ ಮೇಲೆ ಕಾಗದ ಹರಡಿ ಪೆನ್ನು ಕೊಡುತ್ತಿದ್ದ. ಶಿವಪುತ್ರಪ್ಪ ಗಾಜಿನಾಚೆಯಿಂದ ಇವಳನ್ನು ನೋಡಿ ನಕ್ಕ. ಆ ನಗು ಕಂಡು ಎಷ್ಟೋ ದಿನವಾಗಿತ್ತು. ಸಾವಿತ್ರವ್ವ ಬೆಲ್ಟನ್ನು ಮೆಲ್ಲಗೆ ಒಳಕ್ಕೆ ಬಿಟ್ಟಳು. ಕಂದು ಮೊಳ ಮರೆಯಾಯಿತು. ಬೆನ್ನು ಒರಗಿಸಿ ಕಣ್ಣು ಮುಚ್ಚಿದಳು.

ಮುಚ್ಚಿದ ಕಣ್ಣೊಳಗೆ ಮುಂಡಗೋಡಿನ ಕಾಡುದಾರಿ ಬಂತು. ನಡುದಾರಿಯಲ್ಲಿ ನಿಂತುಬಿಟ್ಟ ಕಾರು. ಬಾನೆಟ್ಟು ಎತ್ತಿಕೊಂಡು, ಏನೂ ತಿಳಿಯದೆ ನಿಂತ ಗಂಡ.

ಅವಳು ಕಣ್ಣು ತೆರೆದು, ಬೆಲ್ಟನ್ನು ಮತ್ತೆ ತುದಿತನಕ ಎಳೆದು ಹಿಡಿದು ಬಾಗಿಲು ತೆರೆದಳು. "ಏನ್ರೀ, ಸಹಿ ಹಾಕಬ್ಯಾಡ್ರಿ. ಈ ಗಾಡಿ ನೀರಾಗ ಮುಳುಗಿ ಎದ್ದದ್ದೈತಿ."

"ಸೀಟ್ ತೊಳೆದ ನೀರು ಅಕ್ಕಾ ಅದು," ಎಂದ ಸುಭಾಷ.

"ಸೀಟ್ ತೊಳದ್ರ ಕೆಸರ ಬರತೈತೇನಪಾ? ಹೊಳಿ ದಂಡಿಯವರಿಗೇ ಹೊಳಿ ಮಣ್ಣ ಮಾರ್ತೀಯಲ್ಲ!"

ಶಿವಪುತ್ರಪ್ಪ ಬಂದು ಬೆಲ್ಟು ಜಗ್ಗಿ ನೋಡಿದ. ಪೆನ್ನಿಗೆ ಮುಚ್ಚಳ ಹಾಕಿ ಕಾಗದದ ಮೇಲಿಟ್ಟ.

ಸುಭಾಷನ ದನಿ ತಗ್ಗಿತು. "ಪೂಜೆ ಆದ ಗಾಡಿ. ಬಿಟ್ಟು ಹೋದ್ರೆ ಕಾಯಿಲೆಯವ್ರಿಗೆ ಒಳ್ಳೇದಲ್ಲ. ಆಮೇಲೆ ಹೇಳಿಲ್ಲ ಅನ್ನಬೇಡಿ."

ಸಾವಿತ್ರವ್ವನ ಕೈ ಬಾಗಿಲ ಮೇಲೇ ನಿಂತಿತು. ಶಿವಪುತ್ರಪ್ಪನ ಮುಖ ಬಿಳಿಚಿತ್ತು. "ಇನ್ನೊಂದ ಸರ್ತಿ ವಿಚಾರ ಮಾಡೂಣೇನ?" ಎಂದ.

"ಕೈ ಕೊಡ್ರಿ, ಇಳಿಸ್ರಿ ನನ್ನ."

ಇಳಿಯುವಾಗ ನೋವು ಎದ್ದು ಕೂತಿತು.

ಊರಿಗೆ ಮರಳುವ ಬನವಾಸಿ ಬಸ್ಸಿನಲ್ಲಿ ಸಿಕ್ಕಿದ್ದು ಹಿಂದಿನ ಗಾಲಿಯ ಮೇಲಿನ ಸೀಟು. ಶಿವಪುತ್ರಪ್ಪ ಟವೆಲ್ಲು ಮಡಿಸಿ ಅವಳ ಬೆನ್ನ ಹಿಂದಿಟ್ಟ. ಬಸ್ಸು ಕಾರಿನ ಅಂಗಡಿ ದಾಟುವಾಗ ಇಬ್ಬರೂ ಆ ಕಡೆ ನೋಡಿದರು. ಮಾಲೆ ಹಾಗೇ ಇತ್ತು. ಗಾಲಿಗಳಡಿ ನಿಂಬೆಹಣ್ಣು ಒಡೆಯದೆ ಕೂತಿದ್ದವು. ಮುಂದೆ ಗುಂಡಿ ಬಂತು. ಸಾವಿತ್ರವ್ವ ಎದುರಿನ ಸರಳನ್ನು ಬಿಗಿಹಿಡಿದಳು. ಅವಳ ಬೆರಳಲ್ಲಿ ಕುಂಕುಮವೂ ಮಣ್ಣೂ ಕಲೆತು ಒಣಗಿದ್ದವು.